ಮೂತಿಹುಳುಗಳನ್ನು ಮರಿಗಳಿಂದಲೂ ಕೋಶಗಳಿಂದಲೂ ಗುರುತಿಸುವ ಬಗೆ

ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ, ಯಾವ ವಿಷಯವನ್ನು ಆರಿಸುವದೆಂದು ನಾವು ಹೆಚ್ಚು ಆಲೋಚಿಸಬೇಕಾಗಲಿಲ್ಲ. ನಮ್ಮ ವಿದ್ಯಾರ್ಥಿನಿಯರಿಗೆ, ಅವರಲ್ಲಿಯೂ ವಿಶೇಷವಾಗಿ ಒಬ್ಬಳಿಗೆ, ನಾವು ತೀರಿಸಬೇಕಾದ ಋಣವೊಂದು ಉಳಿದಿತ್ತು. ಆ ಋಣವು ಎಂಥದೆಂಬದನ್ನು ಮೊದಲು ಹೇಳಿ, ಆ ಬಳಿಕ ಪಾಠಕ್ಕೆ ಬರುವೆವು.

ಯಾಪಲದಿನ್ನಿಯಿಂದ ಬಂದು ನಮ್ಮ ವಸತಿಗೃಹದಲ್ಲಿ ಇದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಹಿಂಗಾರಿ ಬಿತ್ತನೆಗೆ ಮುಂಚೆ ಊರಿಗೆ ಹೋಗಿ ಹಿಂದಿರುಗುವಾಗ ಒಂದು ಶೀಶೆಯಲ್ಲಿ ಎರಡು ಹಿಡಿ ಬಿಳಿಜೋಳವನ್ನು ತಂದಳು. ಶೀಶೆಯ ತಳದಲ್ಲಿದ್ದ ಧೂಳಿನಲ್ಲಿ ಸಣ್ಣ ಹಳದಿ ಹುಳುಗಳು ಅತ್ತಿತ್ತ ಹರಿದಾಡುತ್ತಿದ್ದವು. “ಅಕ್ಕೋರೇ, ನಮ್ಮವ್ವ ಬೀಜಕ್ಕಂತ ಇಟ್ಟ ಜೋಳದಾಗ ಈ ಹುಳ ಹರಿದಾಡಾಕತ್ಯಾವ್ರಿ. ಇವು ನುಸಿಮರಿ ಏನ್ರಿ?” ಎಂದು ಕೇಳಿದಳು. ನಾವು ಬೇರೊಂದು ಕೆಲಸದ ಅವಸರದಲ್ಲಿದ್ದು, ಶೀಶೆಯನ್ನು ಬೆಳಕಿಗೆ ಹಿಡಿದು ಒಂದು ಸಾರಿ ನೋಡಿ, “ನುಸಿಯ ಮರಿಗಳೇ ಸರಿ, ಒಳಗೆಲ್ಲ ತಿಂದಿರುತ್ತವೆ, ಬೀಜಕ್ಕೆ ಆಗದು” ಎಂದುಬಿಟ್ಟೆವು. ಅಕ್ಕೋರ ಮಾತೆಂದು ಮನೆಯವರು ನಂಬಿದರು. ವರ್ಷವೆಲ್ಲ ಕಾದಿಟ್ಟ ಬೀಜವನ್ನು ದನಗಳ ಮುಂದೆ ಸುರಿದು, ಸಾಲ ಮಾಡಿ ಬೇರೆ ಬೀಜವನ್ನು ತಂದು ಬಿತ್ತಿದರು.

ತಿಂಗಳೆರಡು ಕಳೆದ ಮೇಲೆ ತರಗತಿಯಲ್ಲಿ ಕೀಟಗಳ ಪಾಠವು ಬಂದಿತು. ಮೂತಿಹುಳುವಿನ ಮರಿಗೆ ಕಾಲುಗಳಿಲ್ಲವೆಂದು ನಾವು ಕಪ್ಪುಹಲಗೆಯ ಮೇಲೆ ಬರೆದೆವು. ಆ ಹುಡುಗಿಯು ಎದ್ದು ನಿಂತಳು. “ಅಕ್ಕೋರೇ, ನಾ ತಂದ ಹುಳಕ್ಕ ಆರು ಕಾಲು ಅದಾವಲ್ರಿ?” ಎಂದಳು. ಶೀಶೆಯು ಇನ್ನೂ ಕಪಾಟಿನಲ್ಲಿಯೇ ಇತ್ತು. ಕೈಭೂತಗನ್ನಡಿಯಿಂದ ನೋಡಿದಾಗ ಆರು ಕಾಲುಗಳೂ, ಬಾಲದ ತುದಿಯಲ್ಲಿ ಕವಲೊಡೆದ ಎರಡು ಮುಳ್ಳುಗಳೂ ಸ್ಪಷ್ಟವಾಗಿ ಕಂಡವು. ಅದು ಹಿಟ್ಟುಹುಳುವಿನ ಮರಿ. ಶೀಶೆಯಲ್ಲಿ ಉಳಿದ ಜೋಳದಲ್ಲಿ 50 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಅವುಗಳಲ್ಲಿ 41 ಮೊಳೆತವು. ಹಾಳೆಂದು ನಾವು ಹೇಳಿದ ಬೀಜವು ಹಾಳಾಗಿರಲಿಲ್ಲ. ಈ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು ಈ ಪಾಠವನ್ನು ಬರೆದಿದ್ದೇವೆ.

ಹುಳುವಿನ ನಾಲ್ಕು ಅವಸ್ಥೆಗಳು

ಮೂತಿಹುಳುಗಳೆಂದರೆ ತಲೆಯ ಮುಂಭಾಗವು ಸೊಂಡಿಲಿನಂತೆ ನೀಡಿಕೊಂಡಿರುವ ಗಟ್ಟಿರೆಕ್ಕೆಯ ಹುಳುಗಳು. ಆ ಮೂತಿಯ ತುದಿಯಲ್ಲಿ ಚಿಕ್ಕ ದವಡೆಗಳಿರುತ್ತವೆ. ಜಗತ್ತಿನಲ್ಲಿ ಇವುಗಳ 60 ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ನಮ್ಮ ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಕಾಣುವ ನುಸಿಯು ಇವುಗಳಲ್ಲೊಂದು. ಶಾಸ್ತ್ರದಲ್ಲಿ ಅದಕ್ಕೆ ಸಿಟೋಫಿಲಸ್ ಒರೈಜೇ ಎಂದು ಹೆಸರು. ಲಿನೇಯಸ್ ಎಂಬ ಪಂಡಿತನು ಅದನ್ನು 1763ರಲ್ಲಿ ವರ್ಣಿಸಿದನು.

ಇವುಗಳ ಬಾಳಿನಲ್ಲಿ ಮೊಟ್ಟೆ, ಮರಿಹುಳು, ಕೋಶ, ಬೆಳೆದ ಹುಳು ಎಂದು ನಾಲ್ಕು ಅವಸ್ಥೆಗಳು. ಮರಿಹುಳುವಿನ ಕೆಲಸವು ತಿನ್ನುವದು. ಕೋಶದ ಅವಸ್ಥೆಯಲ್ಲಿ ಅದು ತಿನ್ನದೆ, ನಡೆಯದೆ, ಒಳಗಿಂದೊಳಗೆ ರೂಪವನ್ನು ಬದಲಿಸಿಕೊಳ್ಳುವದು. ಕೆಲವು ಜಾತಿಗಳು ಕೋಶವಾಗುವ ಮುನ್ನ ನಾರಿನಿಂದಲೋ ಮಣ್ಣಿನಿಂದಲೋ ಸುತ್ತಲೂ ಮನೆಯನ್ನು ಕಟ್ಟಿಕೊಳ್ಳುತ್ತವೆ. ಅದನ್ನು ಈ ಪಾಠದಲ್ಲಿ ಗೂಡು ಎಂದು ಕರೆಯುವೆವು. ಕೋಶವೇ ಬೇರೆ, ಗೂಡೇ ಬೇರೆ ಎಂಬದನ್ನು ನೆನಪಿಡತಕ್ಕದ್ದು.

ಬೆಳೆದ ಹುಳುವನ್ನು ಗುರುತಿಸುವ ಗ್ರಂಥಗಳು ಮೊದಲಿನಿಂದಲೂ ಇದ್ದವು. ಗೈ ಮಾರ್ಷಲ್ ಎಂಬವರು ಭಾರತದ ಮೂತಿಹುಳುಗಳ ಮೇಲೆ 1916ರಲ್ಲಿ ಒಂದು ಸಂಪುಟವನ್ನು ಪ್ರಕಟಿಸಿದರು. ಆದರೆ ಕಾಳನ್ನು ತಿಂದು ಹಾಳುಮಾಡುವ ಕೆಲಸದ ಹೆಚ್ಚಿನ ಪಾಲು ಮರಿಹುಳುವಿನದು. ಬೆಳೆದ ಹುಳು ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ತಿರುಳು ಹೋಗಿರುತ್ತದೆ. ಆದುದರಿಂದ ಮರಿಗಳನ್ನೇ ಗುರುತಿಸುವ ವಿದ್ಯೆಯು ಬೇಕಾಯಿತು. ದೇಹರಾದೂನಿನ ಅರಣ್ಯ ಸಂಶೋಧನಾಲಯದಲ್ಲಿದ್ದ ಗಾರ್ಡ್ನರ್ ಎಂಬವರು 1930ರ ದಶಕದಲ್ಲಿ ಭಾರತದ ಮೂತಿಹುಳುಗಳ ಮರಿಗಳನ್ನು ಕ್ರಮವಾಗಿ ವರ್ಣಿಸಿದರು. 1947ರಲ್ಲಿ ಅಮೇರಿಕದ ಆಂಡರ್ಸನ್ ಎಂಬವರು ಈ ಮರಿಗಳ ಮೈಯ ಒಂದೊಂದು ಭಾಗಕ್ಕೂ, ಮಡಿಕೆಗೂ, ಕೂದಲಿಗೂ ನಿಶ್ಚಿತವಾದ ಹೆಸರುಗಳನ್ನು ಏರ್ಪಡಿಸಿದರು. ಹೆಸರು ನಿಶ್ಚಿತವಾದ ಮೇಲೆ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಹೋಲಿಸಿ ನೋಡುವದು ಸುಲಭವಾಯಿತು.

ಮೊದಲನೆಯ ಪರೀಕ್ಷೆ: ಕಾಲುಗಳಿವೆಯೋ ಇಲ್ಲವೋ?

ಹುಳುವನ್ನು ಬಿಳಿ ತಟ್ಟೆಯಲ್ಲಿಟ್ಟು ಭೂತಗನ್ನಡಿಯಿಂದ ಎದೆಯ ಭಾಗವನ್ನು ನೋಡಬೇಕು. ಮೂತಿಹುಳುವಿನ ಮರಿಯು ಬೆಳ್ಳಗೆ, ಮೆತ್ತಗೆ, ದಪ್ಪವಾಗಿ, ಬಿಲ್ಲಿನಂತೆ ಬಾಗಿರುತ್ತದೆ. ತಲೆಯು ಮಾತ್ರ ಗಟ್ಟಿಯಾಗಿ ಕಂದುಬಣ್ಣದ್ದಾಗಿರುವದು. ಎದೆಯಲ್ಲಿ ಕಾಲುಗಳು ಇರುವದಿಲ್ಲ. ಅವು ಇರಬೇಕಾದ ಸ್ಥಳದಲ್ಲಿ ಕೆಲವು ಕೂದಲುಗಳುಳ್ಳ ಉಬ್ಬುಗಳು ಮಾತ್ರ ಇರುವವು. ನುಸಿಯ ಮರಿಯನ್ನು ಕಾಳಿನಿಂದ ತೆಗೆದು ತಟ್ಟೆಯಲ್ಲಿಟ್ಟರೆ ಅದು ಪಕ್ಕಕ್ಕೆ ಬಿದ್ದು ಹೊರಳಾಡುವದೇ ಹೊರತು ಎದ್ದು ನಡೆಯಲಾರದು. ಇದರಿಂದ ಒಂದು ನಿಯಮವು ದೊರೆಯುತ್ತದೆ: ಕಾಳಿನ ನಡುವೆ ಅಥವಾ ಧೂಳಿನಲ್ಲಿ ಹರಿದಾಡುವ ಹುಳು ಯಾವುದೇ ಆಗಿರಲಿ, ನುಸಿಯ ಮರಿಯಲ್ಲ. ಈ ಒಂದು ಮಾತನ್ನು ನಾವು ಅಂದು ನೆನಪಿಸಿಕೊಂಡಿದ್ದರೆ ಸಾಕಾಗಿತ್ತು.

ಹಾಗಾದರೆ ನಡೆಯುವ ಹುಳುಗಳು ಯಾವುವು? ಹಿಟ್ಟುಹುಳುವಿನ ಮರಿಯು ನೀಳವಾಗಿ ಹಳದಿಯಾಗಿದ್ದು, ಆರು ಕಾಲುಗಳನ್ನೂ ಬಾಲದಲ್ಲಿ ಎರಡು ಮುಳ್ಳುಗಳನ್ನೂ ಹೊಂದಿರುತ್ತದೆ. ಅದು ಮುಖ್ಯವಾಗಿ ನುಚ್ಚು, ಹಿಟ್ಟು, ಒಡೆದ ಕಾಳುಗಳ ಮೇಲೆ ಬದುಕುವದು; ಇಡಿಯ ಗಟ್ಟಿ ಕಾಳನ್ನು ಕೊರೆದು ಒಳಗೆ ಮನೆಮಾಡುವದು ಅದರ ಸ್ವಭಾವವಲ್ಲ. ಮೈತುಂಬ ಕೂದಲಿರುವ ಕಂದು ಮರಿಯು ಖಪ್ರಾ ಹುಳುವಿನದು. ಕಾಳುಗಳನ್ನು ರೇಷ್ಮೆಯಂಥ ಎಳೆಯಿಂದ ಹೆಣೆದು ಗಂಟುಮಾಡಿದ್ದರೆ ಅದು ಪತಂಗದ ಮರಿಯ ಕೆಲಸ. ಅದಕ್ಕೆ ಎದೆಯ ಕಾಲುಗಳಲ್ಲದೆ ಹೊಟ್ಟೆಯ ಕೆಳಗೂ ತೊಡಕುಗಾಲುಗಳಿರುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವದು ರೈಜೋಪರ್ಥ ಎಂಬ ಕಾಳು ಕೊರೆಯುವ ಹುಳು. ಇದರ ಮರಿಯೂ ಕಾಳಿನ ಒಳಗೇ ಬೆಳೆಯುವದು, ಬೆಳೆದಂತೆ ಬಾಗುವದು. ಆದರೆ ಇದಕ್ಕೆ ಮೂರು ಜೊತೆ ಕಾಲುಗಳುಂಟು. ತಲೆಯು ಚಿಕ್ಕದಾಗಿ ದಪ್ಪನಾದ ಎದೆಯೊಳಕ್ಕೆ ಸೇರಿಕೊಂಡಿರುವದು. ಇದರ ತಾಯಿಯು ಮೊಟ್ಟೆಗಳನ್ನು ಕಾಳಿನ ಹೊರಗೇ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿಯು ನಡೆದು ಹೋಗಿ ಕಾಳನ್ನು ಹೊಗುತ್ತದೆ.

ಹೊಲದ ಮಣ್ಣಿನಲ್ಲಿಯೂ ಈ ಪರೀಕ್ಷೆಯು ಉಪಯೋಗಕ್ಕೆ ಬರುವದು. ಬದನೆಯ ಗಿಡವು ಕಾರಣವಿಲ್ಲದೆ ಬಾಡಿದಾಗ ಬೇರಿನ ಸುತ್ತಲಿನ ಮಣ್ಣನ್ನು ಬಿಡಿಸಿ ನೋಡಿರಿ. ಬಾಗಿದ ಬಿಳಿ ಹುಳುವಿಗೆ ಚೆನ್ನಾಗಿ ಕಾಣುವ ಕಾಲುಗಳಿದ್ದರೆ ಅದು ಗೊಣ್ಣೆಹುಳು. ಕಾಲುಗಳಿಲ್ಲದಿದ್ದರೆ, ಎಲೆಯ ಅಂಚನ್ನು ಕಚ್ಚಿ ಕಚ್ಚಿ ತಿನ್ನುವ ಬೂದುಬಣ್ಣದ ಮೂತಿಹುಳುವಿನ ಮರಿಯಿರಬಹುದು.

ಎರಡನೆಯ ಪರೀಕ್ಷೆ: ಒಳಗೆ ಹೋದ ದಾರಿ, ಹೊರಗೆ ಬಂದ ದಾರಿ

ಕಾಲಿಲ್ಲದ ಮರಿಯು ತಾನಾಗಿ ಊಟವನ್ನು ಹುಡುಕಿಕೊಂಡು ಹೋಗಲಾರದು. ಆದುದರಿಂದ ತಾಯಿಯೇ ಅದನ್ನು ಊಟದ ನಡುವೆ ಇಡಬೇಕಾಗುತ್ತದೆ. ಹೆಣ್ಣು ನುಸಿಯು ತನ್ನ ಮೂತಿಯಿಂದ ಕಾಳಿನಲ್ಲಿ ಒಂದು ಕುಳಿಯನ್ನು ಕೊರೆದು, ಅದರಲ್ಲಿ ಒಂದು ಮೊಟ್ಟೆಯನ್ನಿಟ್ಟು, ಅಂಟಿನಂಥ ದ್ರವದಿಂದ ಬಾಯಿಯನ್ನು ಮುಚ್ಚಿಬಿಡುವದು. ಹೊರಗಿನಿಂದ ನೋಡಿದರೆ ಕಾಳು ಆರೋಗ್ಯವಾಗಿಯೇ ಕಾಣುವದು. ಬೆಚ್ಚನೆಯ ಕಾಲದಲ್ಲಿ ಸುಮಾರು ಒಂದು ತಿಂಗಳೊಳಗೆ ಮರಿಯು ನಾಲ್ಕು ಹಂತಗಳಲ್ಲಿ ಬೆಳೆದು, ಒಳಗೇ ಕೋಶವಾಗಿ, ಬೆಳೆದ ಹುಳುವಾಗಿ, ಅಂಚು ಒರಟಾದ ತೂತನ್ನು ಮಾಡಿಕೊಂಡು ಹೊರಗೆ ಬರುವದು.

ತೊಗರಿ, ಕಡಲೆ, ಹೆಸರುಗಳಲ್ಲಿ ಕಾಣುವ ಹುಳುವನ್ನು ಹಿಂದಿನವರು ಬೀಜದ ಮೂತಿಹುಳುವೆಂದು ಕರೆಯುತ್ತಿದ್ದರು. ಅದು ನಿಜವಾದ ಮೂತಿಹುಳುವಲ್ಲ; ಎಲೆತಿನ್ನುವ ಹುಳುಗಳ ಕುಟುಂಬಕ್ಕೆ ಸೇರಿದ್ದೆಂದು ಈಗ ತಿಳಿದಿದೆ. ಅದಕ್ಕೆ ಕೊರೆಯುವಂಥ ಮೂತಿಯಿಲ್ಲದ ಕಾರಣ ಮೊಟ್ಟೆಯನ್ನು ಬೇಳೆಯ ಮೇಲೆಯೇ ಅಂಟಿಸುತ್ತದೆ. ಕಾಳಿನ ಮೇಲೆ ಸುಣ್ಣದ ಚುಕ್ಕೆಯಂತೆ ಕಾಣುವದು ಅದೇ. ಕಾಳಿನಿಂದ ಹೊರಬರುವ ತೂತು ನಾಣ್ಯದಂತೆ ದುಂಡಗಾಗಿ, ಮುಚ್ಚಳ ತೆಗೆದಂತೆ ಇರುವದು.

ಇಲ್ಲಿ ನಮ್ಮ ನಾಡಿನ ಒಂದು ಸಂಶೋಧನೆಯನ್ನು ಹೇಳದೆ ಇರಲಾರೆವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿಕಣ್ಣನ್ ಎಂಬವರು 1923ರಲ್ಲಿ ಈ ಬೇಳೆಹುಳುವಿನ ಎಳೆಮರಿಯ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಮೊಟ್ಟೆಯಿಂದ ಬಂದ ಎಳೆಮರಿಯ ಎದೆಯ ಮುಂಭಾಗದಲ್ಲಿ ಹಲ್ಲುಗಳುಳ್ಳ ಒಂದು ಚಿಕ್ಕ ತಗಡು ಇರುತ್ತದೆ. ಗಟ್ಟಿ ಬೀಜವನ್ನು ಹೊಗುವಾಗ ಆ ತಗಡು ಮರಿಗೆ ಆಧಾರವಾಗಿ ಒದಗುವದು. ಒಳಗೆ ಸೇರಿ ಮೊದಲ ಪೊರೆಯನ್ನು ಕಳಚಿದ ಮೇಲೆ ತಗಡು ಇರುವದಿಲ್ಲ. ಆದುದರಿಂದ ಒಂದೇ ಹುಳುವಿನ ಎಳೆಮರಿಯೂ ಬಲಿತ ಮರಿಯೂ ಬೇರೆ ಬೇರೆ ಜಾತಿಗಳಂತೆ ತೋರಬಹುದು. ಮರಿಯನ್ನು ಗುರುತಿಸುವವರು ಅದರ ವಯಸ್ಸನ್ನೂ ಗಮನಿಸಬೇಕೆಂಬದು ಇದರಿಂದ ಸಿದ್ಧವಾಗುತ್ತದೆ.

ಮೂರನೆಯ ಪರೀಕ್ಷೆ: ಕೋಶವೂ ಗೂಡೂ

ಕೋಶವನ್ನು ಗುರುತಿಸುವದು ಮರಿಯನ್ನು ಗುರುತಿಸುವದಕ್ಕಿಂತ ಸುಲಭ. ಯಾಕಂದರೆ ಬೆಳೆದ ಹುಳುವಿನ ರೂಪವು ಮೇಣದ ಅಚ್ಚಿನಂತೆ ಅದರಲ್ಲಿ ಆಗಲೇ ಮೂಡಿರುತ್ತದೆ. ಬೆಳ್ಳನೆಯ ಕೋಶದ ಹೊಟ್ಟೆಯ ಕಡೆಯನ್ನು ನೋಡಿರಿ. ಮೂತಿಯು ಎದೆಯ ಮೇಲೆ ಕೆಳಮುಖವಾಗಿ ಮಡಿಚಿಕೊಂಡಿರುವದು. ಕಾಲುಗಳೂ ರೆಕ್ಕೆಯ ಚೀಲಗಳೂ ಮೈಗೆ ಅಂಟಿಕೊಳ್ಳದೆ ಬಿಡಿಯಾಗಿರುವವು. ಬೇಳೆಹುಳುವಿನ ಕೋಶದಲ್ಲಿಯೂ ರೈಜೋಪರ್ಥದ ಕೋಶದಲ್ಲಿಯೂ ಇಂಥ ಮೂತಿಯು ಕಾಣುವದಿಲ್ಲ. ಮೂತಿಯು ನೀಳವೋ ಗಿಡ್ಡವೋ ಎಂಬದರಿಂದ ಮೂತಿಹುಳುಗಳಲ್ಲಿಯೇ ಗುಂಪನ್ನು ಊಹಿಸಬಹುದು: ಬದನೆಯ ಬೂದುಹುಳುವಿನ ಕೋಶಕ್ಕೆ ಮೂತಿ ಗಿಡ್ಡ ಮತ್ತು ಅಗಲ, ನುಸಿಯ ಕೋಶಕ್ಕೆ ಸಪೂರ ಮತ್ತು ಉದ್ದ. ಇನ್ನೂ ಸೂಕ್ಷ್ಮವಾಗಿ ನೋಡುವ ಪಂಡಿತರು ತಲೆ, ಮೂತಿ, ತೊಡೆ, ಬೆನ್ನುಗಳ ಮೇಲಿನ ಕೂದಲುಗಳನ್ನು ಎಣಿಸಿ, ಬಾಲದ ಎರಡು ಮುಳ್ಳುಗಳ ಆಕಾರವನ್ನು ಅಳೆದು ಜಾತಿಯನ್ನು ನಿರ್ಣಯಿಸುತ್ತಾರೆ.

ಕೋಶವು ಎಲ್ಲಿ, ಯಾವ ಗೂಡಿನಲ್ಲಿ ಇದೆ ಎಂಬದೂ ಒಂದು ಸಾಕ್ಷಿಯೇ. ಬಾಳೆಯನ್ನು ನೋಡಿರಿ. ಅದರ ದಿಂಡನ್ನು ಕೊರೆಯುವ ಮೂತಿಹುಳುವೊಂದು, ಗಡ್ಡೆಯನ್ನು ಕೊರೆಯುವ ಮೂತಿಹುಳು ಇನ್ನೊಂದು. ಎರಡರ ಮರಿಗಳೂ ಬಿಳಿ, ದಪ್ಪ, ಕಾಲಿಲ್ಲದವು. ಆದರೆ ದಿಂಡಿನ ಮರಿಯು ಬಾಳೆಯ ನಾರನ್ನು ಸುತ್ತಿ ಗೂಡುಕಟ್ಟಿ ಕೋಶವಾಗುವದು. ಗಡ್ಡೆಯ ಮರಿಯು ತಾನು ಕೊರೆದ ಸುರಂಗದಲ್ಲಿಯೇ ಗೂಡಿಲ್ಲದೆ ಬರಿಮೈಯಲ್ಲಿ ಕೋಶವಾಗುವದು. ಹುಣಸೆ ಮತ್ತು ಶೇಂಗಾಗಳಲ್ಲಿಯೂ ಹೀಗೆಯೇ. ಹುಣಸೆಬೀಜದ ಒಳಗೆ ಮೂತಿಯುಳ್ಳ ಕೋಶವು ಸಿಕ್ಕಿದರೆ ಅದು ನುಸಿಯ ಬಳಗದ ಹುಣಸೆಹುಳು. ಹುಣಸೆಯ ಅಥವಾ ಶೇಂಗಾದ ಕಾಯಿಯ ಹೊರಗೆ ಕಾಗದದಂಥ ಬಿಳಿಯ ಗೂಡು ಅಂಟಿದ್ದರೆ ಅದು ಬೇಳೆಹುಳುವಿನ ಬಳಗದ ಕ್ಯಾರಿಯೆಡಾನ್.

ನೀರಿನೊಳಗೆ ಕೋಶವಾಗುವ ಮೂತಿಹುಳುವೂ ಉಂಟು. ಕೆರೆಗಳನ್ನು ಮುಚ್ಚುವ ಅಂತರಗಂಗೆ ಜಾತಿಯ ನೀಲಿ ಹೂವಿನ ಕಳೆಯನ್ನು ತಗ್ಗಿಸಲು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ನಿಯೋಕೆಟೀನ ಎಂಬ ಮೂತಿಹುಳುಗಳನ್ನು ಹೊರದೇಶದಿಂದ ತಂದು ಬಿಟ್ಟರು. ಅದರ ಮರಿಯು ಎಲೆಯ ತೊಟ್ಟಿನಲ್ಲಿ ಬೆಳೆದು, ಬೇರಿನ ಎಳೆಗಳನ್ನು ಸುತ್ತಿಕೊಂಡು ನೀರಿನ ಕೆಳಗೆ ಗೂಡುಕಟ್ಟುತ್ತದೆ. ಮೂತಿಹುಳುಗಳೆಲ್ಲ ಶತ್ರುಗಳಲ್ಲವೆಂಬದಕ್ಕೆ ಇದು ನಿದರ್ಶನ.

ಗುಂಪುಗಳ ಸಂಬಂಧ

ಇಷ್ಟನ್ನು ನೋಡಿದ ಮೇಲೆ ಮರಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿರಿ. ತೆಂಗು, ಈಚಲುಗಳನ್ನು ಕೊರೆಯುವ ಕೆಂಪು ಮೂತಿಹುಳುವಿನ ಮರಿಯು ಹೆಬ್ಬೆರಳಿನ ಗಾತ್ರದ್ದು. ಜೋಳದ ನುಸಿಯ ಮರಿಯು ಒಂದು ಕಾಳಿನೊಳಗೆ ಅಡಗುವಂಥದು. ಆದರೂ ಎರಡಕ್ಕೂ ಹೊಟ್ಟೆಯ ನಡುಭಾಗವು ಉಬ್ಬಿ ಮೈಯು ಡುಬ್ಬಗಾಗಿದೆ. ಬಾಳೆಯ ಎರಡು ಹುಳುಗಳ ಮರಿಗಳೂ ಇದೇ ಮಾಟದವು. ಈ ನಾಲ್ಕೂ ಒಂದೇ ಗುಂಪಿಗೆ ಸೇರಿದವೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಮಾವಿನ ಓಟೆಯೊಳಗಿನ ಹುಳುವಾದರೋ ಬೇರೆ ಗುಂಪಿನದು. ಎಳೆಯ ಕಾಯಿಯ ಮೇಲೆ ಇಟ್ಟ ಮೊಟ್ಟೆಯಿಂದ ಬಂದ ಮರಿಯು ಬೀಜಕ್ಕೆ ಇಳಿದು ಅಲ್ಲಿಯೇ ಕೋಶವಾಗುವದು. ಅದು ಹೋದ ದಾರಿಯು ಹಣ್ಣಿನಲ್ಲಿ ಕೂಡಿಹೋಗುವದು. ಗೆಣಸಿನ ಮೂತಿಹುಳುವು ಇನ್ನೂ ದೂರದ ಬಂಧು. ಅದರ ಮರಿಯು ಅಷ್ಟಾಗಿ ಬಾಗಿರುವದಿಲ್ಲ. ದೇವದುರ್ಗದ ಕಡೆಯ ಹುಡುಗಿಯರು ಹತ್ತಿಯ ಗಿಡದ ಬುಡದಲ್ಲಿ ಗಂಟಿನಂಥ ಬಾವನ್ನು ಕಂಡರೆ ಸೀಳಿ ನೋಡಲಿ. ಕಾಂಡದ ಮೂತಿಹುಳುವಿನ ಮರಿಯೂ ಕೋಶವೂ ಅಲ್ಲಿ ದೊರೆಯಬಹುದು.

ಸಾಕಿ ನೋಡುವ ಕ್ರಮ

ಸಂಶಯವಿದ್ದಲ್ಲಿ ಸಾಕಿ ನೋಡುವದೇ ನಂಬತಕ್ಕ ಉಪಾಯವು. ಹುಳುಬಿದ್ದ ಕಾಳುಗಳನ್ನು ಅಗಲಬಾಯಿಯ ಶೀಶೆಯಲ್ಲಿಟ್ಟು, ತೆಳುವಾದ ಮಲ್ ಬಟ್ಟೆಯನ್ನು ಕಟ್ಟಿ, ದಿನಾಂಕ, ಊರು, ಕಾಳಿನ ಹೆಸರುಗಳನ್ನು ಚೀಟಿಯಲ್ಲಿ ಬರೆಯಿರಿ. ವಾರಕ್ಕೊಮ್ಮೆ ಎರಡು ಮೂರು ಕಾಳುಗಳನ್ನು ಸೀಳಿ ನೋಡಿರಿ. ಕೆಲವು ಮರಿಗಳನ್ನು ಕುದಿನೀರಿನಲ್ಲಿ ಕ್ಷಣಕಾಲ ಅದ್ದಿ ಆ ಬಳಿಕ ಸ್ಪಿರಿಟಿನಲ್ಲಿಟ್ಟರೆ ಅವು ಕಪ್ಪಾಗುವದಿಲ್ಲ. ಉಳಿದವು ಬೆಳೆದು ಹುಳುವಾಗಲಿ. ಹುಳುವು ಹೊರಬಂದ ಕಾಳಿನಲ್ಲಿ ಮರಿಯು ಕೊನೆಗೆ ಕಳಚಿದ ಪೊರೆಯೂ ತಲೆಯ ಚಿಪ್ಪೂ ಸಿಕ್ಕುತ್ತವೆ. ಅವುಗಳನ್ನು ಆ ಹುಳುವಿನ ಜೊತೆಗೇ ಇಡಬೇಕು. ಈ ಮರಿಯೇ ಈ ಹುಳುವಾಯಿತೆಂಬದಕ್ಕೆ ಅದೇ ರುಜುವಾತು. ಈಗ ಜೀವಕೋಶದೊಳಗಿನ ಡಿಎನ್‌ಎಯನ್ನು ಓದಿ ಮರಿಯ ಜಾತಿಯನ್ನು ತಿಳಿಯುವ ಕ್ರಮವೂ ಬಂದಿದೆ. 2008ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ನಮಗೆ ಸಮೀಪದಲ್ಲಿಯೇ ಇದೆ. ನಮ್ಮ ಶೀಶೆಗಳಿಂದ ನಿರ್ಣಯವಾಗದ್ದನ್ನು ಅಲ್ಲಿಯ ಕೀಟಶಾಸ್ತ್ರಜ್ಞರಿಗೆ ತೋರಿಸಬಹುದು.

ಗುರುತಿಸಿ ಮಾಡುವದೇನು?

ಹುಳುವಿನ ಹೆಸರನ್ನು ತಿಳಿದ ಮಾತ್ರಕ್ಕೆ ಬೀಜವು ಉಳಿಯುವದಿಲ್ಲ. ಆದರೆ ಹೆಸರನ್ನು ತಪ್ಪಾಗಿ ತಿಳಿದರೆ ಉಳಿಯಬಹುದಾದ ಬೀಜವೂ ಹೋಗುವದು. ಹಿಟ್ಟುಹುಳುವಾದರೆ ಜರಡಿ ಹಿಡಿದು ಧೂಳನ್ನೂ ನುಚ್ಚನ್ನೂ ತೆಗೆದರೆ ಅದರ ಊಟವೇ ಹೋದಂತಾಯಿತು. ರೈಜೋಪರ್ಥವಾದರೆ ಜರಡಿಯಿಂದ ಹೊರಗಿನ ಮೊಟ್ಟೆಗಳಲ್ಲಿ ಹಲವು ಹೋದಾವು. ನುಸಿಯಾದರೆ ಜರಡಿಯು ಬೆಳೆದ ಹುಳುಗಳನ್ನು ತೆಗೆಯುವದೇ ಹೊರತು ಕಾಳಿನೊಳಗಿನ ಮರಿಯನ್ನು ತೆಗೆಯಲಾರದು. ತಿಂಗಳೊಳಗೆ ಹುಳು ಮತ್ತೆ ಬರುವದು. ಆಗ ಉಪ್ಪುನೀರಿನಲ್ಲಿ ಸ್ವಲ್ಪ ಕಾಳನ್ನು ಹಾಕಿ ನೋಡಿರಿ; ಒಳಗೆ ಪೊಳ್ಳಾದವು ತೇಲುವವು. ತೇಲಿದವು ಎಷ್ಟು, ಮುಳುಗಿದವು ಎಷ್ಟು ಎಂಬ ಲೆಕ್ಕದಿಂದ ಹಾನಿಯ ಅಳತೆ ಸಿಕ್ಕುತ್ತದೆ.

ನಮ್ಮ ಸೀಮೆಯ ಬಿಸಿಲೇ ಮೊದಲನೆಯ ಔಷಧಿ. ಕಾಳನ್ನು ತೆಳುವಾಗಿ ಹರವಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಮುಚ್ಚಬೇಕು. ಹಿರಿಯರ ಹಗೇವೂ ಇದೇ ತತ್ತ್ವದ ಮೇಲೆ ನಡೆಯುತ್ತಿತ್ತು: ಮುಚ್ಚಿದ ಹಗೇವಿನಲ್ಲಿ ಪ್ರಾಣವಾಯುವು ತೀರಿ ಹುಳುಗಳು ಸಾಯುವವು. ಹಗೇವನ್ನು ತೆರೆದೊಡನೆ ಯಾರೂ ಒಳಗೆ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದುದೂ ಇದೇ ಕಾರಣದಿಂದ. ಹುಳುವನ್ನು ಕೊಂದ ಗಾಳಿಯು ಮನುಷ್ಯನನ್ನೂ ಕೊಲ್ಲುವದು. ಕಾಳಿನಲ್ಲಿ ಇಡುವ ವಿಷದ ಮಾತ್ರೆಗಳಂತೂ ಮನೆಯೊಳಗೆ ತರತಕ್ಕವುಗಳಲ್ಲ. ಅವುಗಳಿಂದ ಹೊರಡುವ ಹೊಗೆಯು ಮಲಗಿದ್ದ ಮಕ್ಕಳ ಪ್ರಾಣವನ್ನು ತೆಗೆಯಬಲ್ಲದು. ಪರಿಣತರ ಮೇಲ್ವಿಚಾರಣೆಯಿಲ್ಲದೆ ಅವುಗಳನ್ನು ಮುಟ್ಟಬಾರದು.

ಕಡೆಗೆ, ಬೀಜವು ಹಾಳೆಂದು ಹೇಳುವ ಮುನ್ನ ಮೊಳಕೆಯ ಪರೀಕ್ಷೆಯನ್ನು ಮಾಡಲೇಬೇಕು. ನೂರು ಕಾಳು, ಒಂದು ಒದ್ದೆ ಬಟ್ಟೆ, ಕೆಲವು ದಿನಗಳ ತಾಳ್ಮೆ. ಇಷ್ಟೇ ಅದರ ಖರ್ಚು.

ಆ ಹುಡುಗಿಯ ತಾಯಿಯು ಶಾಲೆಗೆ ಬಂದಾಗ ನಾವು ನಡೆದುದನ್ನು ಮುಚ್ಚಿಡದೆ ಹೇಳಿ ಕ್ಷಮೆಯನ್ನು ಬೇಡಿದೆವು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡ್ರಿ ಅಕ್ಕೋರೇ. ಮುಂದಿನ ವರ್ಷ ಬೀಜ ಆರಿಸೂ ಮುಂದ ಈಕೀನ ನೋಡ್ತಾಳ” ಎಂದು ಮಗಳ ಕಡೆಗೆ ತಿರುಗಿದಳು. ಈಗ ವಿಜ್ಞಾನದ ಕೋಣೆಯ ಕಪಾಟಿನ ಬೀಗದ ಕೈ ಆ ಹುಡುಗಿಯ ವಶದಲ್ಲಿದೆ. ಹನ್ನೊಂದು ಶೀಶೆಗಳಿಗೆ ಅವಳೇ ಚೀಟಿಗಳನ್ನು ಬರೆದಿದ್ದಾಳೆ. ಮೊದಲನೆಯ ಶೀಶೆಯಲ್ಲಿ ಅವಳ ಮನೆಯ ಜೋಳದ ಆ ಆರು ಕಾಲಿನ ಹುಳುವೇ ಇದೆ. ವಿದ್ಯಾರ್ಥಿನಿಯರೇ, ರಜೆಯಿಂದ ಹಿಂದಿರುಗುವಾಗ ನೀವೂ ನಿಮ್ಮ ಮನೆಯ ಕಣಜದಿಂದ ಒಂದೊಂದು ಹಿಡಿ ಕಾಳನ್ನು ತನ್ನಿರಿ. ಈ ಸಾರಿ ನಾವು ಅವಸರಪಡದೆ ನಿಮ್ಮೊಡನೆ ಕುಳಿತು ಕಾಲುಗಳನ್ನು ಎಣಿಸುವೆವು.